ಬಾಯಿದ್ದವನು ಆಸ್ಪತ್ರೆಗೆ ಹೋದ

ನಮ್ಮ ಸಭೆಯಲ್ಲಿ ಮೈಕು ಕೆಟ್ಟ ಭಾನುವಾರ ಸತ್ಯವೇದದ ವಾಚನ ನನ್ನದೇ. ಇದು ನನ್ನ ಭಕ್ತಿಗೆ ಸಿಕ್ಕ ಮರ್ಯಾದೆಯಲ್ಲ, ಗಂಟಲಿಗೆ ಸಿಕ್ಕಿದ್ದು. ಒಮ್ಮೆ ಕರೆಂಟು ಹೋಗಿದ್ದಾಗ ನಾನು ಓದಿದ ಹಬಕ್ಕೂಕನ ಅಧ್ಯಾಯ ರಸ್ತೆಯಾಚೆಯ ಬೇಕರಿಯವರೆಗೂ ಕೇಳಿತಂತೆ. ಮರುದಿನ ಬೇಕರಿಯವರು ಬ್ರೆಡ್ಡು ಕಟ್ಟಿಕೊಡುತ್ತಾ, “ನಿನ್ನೆ ಯಾರಿಗೆ ಮಾರಾಯ್ರೆ ಅಷ್ಟು ಬೈದದ್ದು?” ಎಂದು ವಿಚಾರಿಸಿದರು.

ಇಂಥ ಗಂಟಲನ್ನು ಸಭೆ ಎಷ್ಟು ದಿನ ಸುಮ್ಮನೆ ಬಿಟ್ಟೀತು? ವಾರ್ಷಿಕ ಮಹಾಸಭೆಯ ದಿನ ಆರಾಧನೆ ಮುಗಿದು, ಲೆಕ್ಕಪತ್ರ ಓದಿ, ಕಾಣೆಯಾದ ಪ್ಲಾಸ್ಟಿಕ್ ಕುರ್ಚಿಗಳ ಬಗ್ಗೆ ಜಗಳವಾಗಿ, ಗಂಟೆ ಒಂದೂವರೆ ದಾಟಿತ್ತು. ಎಲ್ಲರ ಮನೆಯಲ್ಲೂ ಕೋರಿ ರೊಟ್ಟಿ ಕಾಯುತ್ತಿತ್ತು. ಆಗ ಸೆಕ್ರೆಟರಿಯವರು ಕೊನೆಯ ವಿಷಯ ತೆಗೆದರು: ರೋಗಿ ಸಂದರ್ಶನ ಸಮಿತಿಗೆ ಒಬ್ಬರು ಬೇಕು. ಎಲ್ಲರೂ ತಂತಮ್ಮ ಚಪ್ಪಲಿ ನೋಡತೊಡಗಿದರು. ಹಿಂದಿನ ಬೆಂಚಿನಿಂದ ಯಾರೋ, “ಇವರದ್ದು ಸ್ವರ ಒಳ್ಳೆಯದುಂಟಲ್ಲ” ಅಂದರು. ಅನುಮೋದನೆ ಏಳೆಂಟು ಬಾಯಿಂದ ಒಟ್ಟಿಗೇ ಬಂತು. ನಾನು ಏಳುವಷ್ಟರಲ್ಲಿ ಅಯ್ಯನವರು ಮುಕ್ತಾಯದ ಪ್ರಾರ್ಥನೆಗೆ ಕಣ್ಣು ಮುಚ್ಚಿಯೇಬಿಟ್ಟರು. ಅಯ್ಯನವರು ಕಣ್ಣು ಮುಚ್ಚಿದ ಮೇಲೆ ಆಕ್ಷೇಪಣೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ.

ಹೊರಗೆ ಬರುವಾಗ ಅವರು ನನ್ನ ಕೈ ಹಿಡಿದು, “ಮಾತಿನಲ್ಲಿ ಸ್ವಸ್ಥತೆ ಉಂಟು. ನಿಮಗೆ ದೇವರು ಬಾಯಿ ಕೊಟ್ಟಿದ್ದಾನೆ” ಅಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವ ಗೋಜಿಗೆ ಹೋಗದೆ ಉಬ್ಬಿದೆ. ನನ್ನ ಹೆಂಡತಿ ಘಟ್ಟದ ಮೇಲಿನವಳು, ಚಿಕ್ಕಮಗಳೂರು ಕಡೆ. ಅವಳು ರಿಕ್ಷಾದಲ್ಲಿ ಹೇಳಿದಳು: “ನೋಡಿ, ಹೋಗೋದು, ಹಾರ್ಲಿಕ್ಸ್ ಬಾಟ್ಲಿ ಕೊಡೋದು, ಐದು ನಿಮಿಷ ಸುಮ್ಮನೆ ಕೂತ್ಕೊಳ್ಳೋದು, ಎದ್ದು ಬರೋದು. ಬಾಯಿ ಬಿಟ್ಟೀರಾ, ಜೋಕೆ.”

ಸುಮ್ಮನೆ ಕೂರುವುದೆಂದರೆ ನಮ್ಮ ಪರಂಪರೆಗೇ ಅವಮಾನ. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ದಿನದಿಂದ ನಮ್ಮ ಕಡೆಯವರಿಗೆ ಮಾತೇ ಉದ್ಯೋಗ. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಕಿಟೆಲ್ ವರ್ಷಗಟ್ಟಲೆ ಕಣ್ಣು ಸವೆಸಿಕೊಂಡು ಕಟ್ಟಿದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. 1894ರಲ್ಲಿ ಅದು ಅಚ್ಚಾದದ್ದು ನಮ್ಮೂರಿನ ಮಿಶನ್ ಪ್ರೆಸ್ಸಿನಲ್ಲೇ. ಅದರ ಒಂದು ಮರುಮುದ್ರಣ ನಮ್ಮ ಮನೆಯಲ್ಲೂ ಉಂಟು, ಮಕ್ಕಳು ಎತ್ತರದ ಡಬ್ಬಕ್ಕೆ ಕೈ ಎಟುಕಿಸಿಕೊಳ್ಳಲು ಅದರ ಮೇಲೆ ನಿಲ್ಲುತ್ತಾರೆ. ಇಷ್ಟೊಂದು ಮಾತು ಮನೆಯಲ್ಲಿಟ್ಟುಕೊಂಡವನು ರೋಗಿಯ ಮುಂದೆ ಹಾರ್ಲಿಕ್ಸ್ ಹಿಡಿದು ಬಾಯಿ ಮುಚ್ಚಿ ಕೂರುವುದೇ?

ತಯಾರಿ ಶುರುವಾಯಿತು. ಯೇಸು ರೋಗಿಗಳ ಹತ್ತಿರ ಹೋದ ಪ್ರಸಂಗಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನಿರಾಸೆಯಾಯಿತು. ಎಲ್ಲ ಎರಡು ಮಾತು, ಮೂರು ಮಾತು. ಬೇತ್ಸಥಾ ಕೊಳದ ಬಳಿ 38 ವರ್ಷದಿಂದ ಕಾಯಿಲೆ ಬಿದ್ದವನನ್ನು ಆತನು ಮೊದಲು ಕೇಳಿದ್ದು ಗುಣವಾಗುವ ಮನಸ್ಸುಂಟೋ ಎಂದು ಮಾತ್ರ. ಉದ್ದಕ್ಕೆ ಮಾತಾಡಿದವನು ರೋಗಿಯೇ. ಕಪೆರ್ನೌಮಿನ ಶತಾಧಿಪತಿಯಂತೂ ತನ್ನ ಮನೆಗೆ ಬರುವ ತೊಂದರೆ ಬೇಡ, ಇದ್ದಲ್ಲಿಂದಲೇ ಒಂದು ಮಾತು ಹೇಳಿದರೆ ಆಳು ಗುಣವಾಗುತ್ತಾನೆ ಎಂದು ಬೇಡಿಕೊಂಡವನು. ಮನೆಗೆ ಬರುವುದು ಬೇಡ ಎಂದು ನನ್ನ ರೋಗಿಗಳೂ ಮುಂದೆ ಬೇಡಿಕೊಳ್ಳಲಿದ್ದಾರೆ ಎಂಬುದು ಆಗ ನನಗೇನು ಗೊತ್ತು. ನಾನು ತರ್ಕ ಹೂಡಿದೆ: ಆತನು ದೇವಕುಮಾರ. ಆತನಿಗೆ ಒಂದು ಮಾತಿನಲ್ಲಿ ಆಗುವ ಕೆಲಸಕ್ಕೆ ನನ್ನಂಥವನಿಗೆ ಮುಕ್ಕಾಲು ಗಂಟೆಯಾದರೂ ಬೇಡವೇ?

ಹಾಗಾಗಿ ದೊಡ್ಡವರ ಪುಸ್ತಕಗಳಿಗೆ ಕೈಹಾಕಿದೆ. ಸ್ಯಾಕ್ಸನಿಯ ಅರಸು ಫ್ರೆಡರಿಕ್ 1519ರಲ್ಲಿ ಕಾಯಿಲೆ ಬಿದ್ದಾಗ ಮಾರ್ಟಿನ್ ಲೂಥರ್ ಅವನಿಗಾಗಿ 14 ಸಾಂತ್ವನಗಳ ಪುಸ್ತಕವನ್ನೇ ಬರೆದ. ಏಳು ಕೇಡುಗಳ ಮೇಲೆ, ಏಳು ಒಳಿತುಗಳ ಮೇಲೆ, ಅದೂ ಲ್ಯಾಟಿನಿನಲ್ಲಿ. ಅರಸು ಚೇತರಿಸಿಕೊಂಡು 1525ರವರೆಗೆ ಬದುಕಿದ. ಪುಸ್ತಕ ಮುಗಿಯುವಷ್ಟರಲ್ಲಿ ರೋಗಕ್ಕೇ ಬೇಸರ ಬಂದು ಎದ್ದುಹೋಗಿರಬೇಕು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ 14 ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಇನ್ನೊಂದು, ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ. ರೋಗಿಯನ್ನು ನೋಡಲು ಹೋದ ಪಾದ್ರಿ ಏನೇನು ಹೇಳಬೇಕು ಎಂಬ ಕ್ರಮವೇ ಅದರಲ್ಲಿದೆ. ರೋಗಿ ತನ್ನ ಆಸ್ತಿಪಾಸ್ತಿಯ ವಿಲೇವಾರಿ ಮಾಡಿರದಿದ್ದರೆ ವಿಲ್ ಬರೆಯುವಂತೆ ಎಚ್ಚರಿಸತಕ್ಕದ್ದು ಎಂಬುದೂ ಇದೆ. ಎಂಥ ಮುಂದಾಲೋಚನೆ ಎಂದು ಮೆಚ್ಚಿ ಡೈರಿಯಲ್ಲಿ ಗುರುತು ಮಾಡಿಕೊಂಡೆ.

ಮೊದಲು ಸಿಕ್ಕವರು ಹರ್ನಿಯಾ ಆಪರೇಶನ್ ಆಗಿದ್ದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ನಾನು ಹೋದಾಗ ದಿಂಬಿಗೊರಗಿ ಕೂತು, ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಬೊಂಡ. ಸ್ಟ್ರಾದಲ್ಲಿ ಹೀರುತ್ತಿದ್ದರು. ಇಬ್ಬರು ಗಂಡುಮಕ್ಕಳು, ಸೊಸೆ, ಎಲ್ಲರೂ ಕೋಣೆಯಲ್ಲೇ ಇದ್ದರು. ಇಷ್ಟು ಒಳ್ಳೆಯ ಸಭಿಕರು ಸಿಕ್ಕಿದ್ದು ದೇವರ ಚಿತ್ತ ಎಂದುಕೊಂಡೆ.

“ಹೇಗಿದ್ದೀರಣ್ಣ?”

“ಆರಾಮ ಮಾರಾಯ. ನಾಳೆ ಬಿಡ್ತಾರೆ.”

“ಎಲ್ಲರೂ ಹಾಗೇ ಹೇಳುವುದು” ಅಂದೆ. ಮಾತಿಗೆ ಸ್ವಲ್ಪ ಗಾಂಭೀರ್ಯ ಬರಲಿ ಎಂದು.

ಸ್ಟ್ರಾ ಒಂದು ಕ್ಷಣ ನಿಂತಿತು. ನಾನು ಯಾಕೋಬನ ಪತ್ರಿಕೆಗೆ ಹೊರಳಿ, ಮನುಷ್ಯನ ಬದುಕನ್ನು ಅವನು ಹಬೆಗೆ ಹೋಲಿಸಿದ್ದನ್ನು ನೆನಪಿಸಿದೆ. ಈಗ ಇದೆ, ಈಗ ಇಲ್ಲ ಎಂದು ಕೈಯಾಡಿಸಿಯೂ ತೋರಿಸಿದೆ.

“ಡಾಕ್ಟ್ರು ನಿನ್ನತ್ರ ಏನಾದ್ರೂ ಹೇಳಿದ್ರಾ?” ಎಂದರು, ಬೊಂಡವನ್ನು ಟೀಪಾಯಿಯ ಮೇಲಿಟ್ಟು.

“ಡಾಕ್ಟ್ರು ಯಾರಣ್ಣ ಹೇಳ್ಲಿಕ್ಕೆ? ಎಲ್ಲ ಮೇಲಿನವನ ಕೈಯಲ್ಲುಂಟು. ಅಂದ ಹಾಗೆ, ವಿಲ್ಲು ಗಿಲ್ಲು ಮಾಡಿಟ್ಟಿದ್ದೀರಾ?”

ದೊಡ್ಡ ಮಗ ಚಿಕ್ಕ ಮಗನನ್ನು ನೋಡಿದ. ಚಿಕ್ಕ ಮಗ ಅತ್ತಿಗೆಯನ್ನು ನೋಡಿದ. ಅತ್ತಿಗೆ ಕಿಟಕಿ ನೋಡುತ್ತಾ, ಯಾರಿಗೂ ಅಲ್ಲ ಎಂಬ ಹಾಗೆ, “ರೋಡಿನ ಬದಿಯ ಹತ್ತು ಸೆಂಟ್ಸಿನ ವಿಷಯ ಮಾವ ಅವತ್ತೇ ಹೇಳಿದ್ರು” ಅಂದಳು. “ಯಾವತ್ತು ಹೇಳಿದ್ದು?” ಎಂದ ಚಿಕ್ಕವ. ಅಲ್ಲಿಂದ ಮುಂದೆ ನನ್ನ ಸಾಂತ್ವನ ಯಾರಿಗೂ ಬೇಕಾಗಲಿಲ್ಲ. ಬಿಪಿ ನೋಡಲು ಬಂದ ಸಿಸ್ಟರ್ ಯಂತ್ರದ ಗಾಳಿ ತುಂಬಿ, ಬಿಟ್ಟು, ಇನ್ನೊಮ್ಮೆ ತುಂಬಿ, “ಇವರತ್ರ ಯಾರು ಮಾತಾಡಿದ್ದು?” ಎಂದು ಸುತ್ತ ನೋಡಿದರು. ನಾನು ಹಾರ್ಲಿಕ್ಸ್ ಬಾಟ್ಲಿಯ ಲೇಬಲ್ಲು ಓದುತ್ತಿದ್ದೆ.

ಡಿಸ್ಚಾರ್ಜು ಮುಂದೆ ಹೋಯಿತು. ಆಮೇಲೆ ವಿಲ್ಲೂ ಆಯಿತು, ರಿಜಿಸ್ಟ್ರಿಯೂ ಆಯಿತು. ಆ ಮನೆಯವರಲ್ಲಿ ಈಗ ದೇವಾಲಯದಲ್ಲಿ ನನಗೆ ಸ್ತೋತ್ರ ಹೇಳುವವನು ಚಿಕ್ಕ ಮಗ ಒಬ್ಬನೇ. ಹತ್ತು ಸೆಂಟ್ಸು ಅವನಿಗೆ ಬಂತು.

ಸಂಭಾಷಣೆ ನಮಗೆ ಒಗ್ಗದು, ಪ್ರಾರ್ಥನೆಯೇ ಸರಿ ಎಂದು ನಿಶ್ಚಯಿಸಿದೆ. ಪುಸ್ತಕ ನೋಡದೆ ಬಾಯಿಗೆ ಬಂದ ಹಾಗೆ ಪ್ರಾರ್ಥಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ದೇವರಿಗೆ ಹೇಳುವ ನೆಪದಲ್ಲಿ ಕೋಣೆಯಲ್ಲಿದ್ದವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ಕಲೆ ಅದು. ಅತ್ತೆ, “ಕರ್ತನೇ, ಈ ಮನೆಯ ಸೊಸೆಗೆ ಮುಂಜಾನೆ ಬೇಗ ಏಳುವ ಕೃಪೆಯನ್ನು ದಯಪಾಲಿಸು” ಎನ್ನುತ್ತಾಳೆ. ಸರದಿ ಬಂದಾಗ ಸೊಸೆ, “ಈ ಮನೆಯ ಹಿರಿಯರ ನಾಲಿಗೆಗೆ ಕಾವಲಿಡು ಸ್ವಾಮೀ” ಎನ್ನುತ್ತಾಳೆ. ಎದುರುತ್ತರ ಕೊಡುವ ಹಾಗಿಲ್ಲ, ಎಲ್ಲರ ಕಣ್ಣೂ ಮುಚ್ಚಿರುತ್ತದೆ. ಕೊನೆಗೆ ಇಬ್ಬರೂ ಆಮೆನ್ ಅಂದು ಚಾ ಕುಡಿಯುತ್ತಾರೆ. ಮನೆ ಒಡೆಯದೆ ಉಳಿದಿರುವುದರಲ್ಲಿ ಈ ಕಲೆಯ ಪಾಲು ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕಿಲ್ಲ.

ನನ್ನ ಪ್ರಾರ್ಥನೆಗೆ ಗುರಿಯಾದವರು ಟೈಫಾಯ್ಡಿನಿಂದ ಮಲಗಿದ್ದ ನಮ್ಮ ಸಭೆಯ ಒಬ್ಬ ಅಜ್ಜ. ಕೈಗೆ ಗ್ಲೂಕೋಸ್ ಹಾಕಿದ್ದರು. ಅಜ್ಜಿ, ಮಗಳು, ಐದಾರು ವರ್ಷದ ಮೊಮ್ಮಗ ಸುತ್ತ ನಿಂತರು. ನಾನು ಆದಿಕಾಂಡದಿಂದ ಹೊರಟೆ. ಸೃಷ್ಟಿಯಾಯಿತು, ಜಲಪ್ರಳಯವಾಯಿತು, ಕೆಂಪು ಸಮುದ್ರ ದಾಟಿದೆವು. ಅರಣ್ಯದ 40 ವರ್ಷವನ್ನು ಸ್ವಲ್ಪ ಬೇಗ ಮುಗಿಸಿದೆ, ಅದು ನನ್ನ ಔದಾರ್ಯ. ಹೊಸ ಒಡಂಬಡಿಕೆಗೆ ಬಂದು, ಕುರಿಮರಿಯ ರಕ್ತದ ಮಹಿಮೆಯನ್ನು ಏರುಸ್ವರದಲ್ಲಿ ವರ್ಣಿಸುತ್ತಿದ್ದಾಗ ಮೊಮ್ಮಗ, “ರಕ್ತ! ರಕ್ತ!” ಎಂದು ಕೂಗಿದ. ಎಳೆಯ ಬಾಯಲ್ಲಿ ಬಂದ ಸಾಕ್ಷಿ ಎಂದು ನನಗೆ ರೋಮಾಂಚನ. ಸ್ವರ ಇನ್ನೂ ಏರಿಸಿದೆ. ಹುಡುಗ ನನ್ನ ಅಂಗಿ ಹಿಡಿದು ಎಳೆದ. ಆತ್ಮನ ಪ್ರೇರಣೆಯನ್ನು ತಡೆಯಬಾರದೆಂದು ನಾನು ಕಣ್ಣು ತೆರೆಯಲಿಲ್ಲ.

ಪ್ರಾರ್ಥನೆಯಲ್ಲಿ ಮಕ್ಕಳು ಪೂರ್ತಿ ಕಣ್ಣು ಮುಚ್ಚುವುದಿಲ್ಲ. ಆ ದಿನ ಕೋಣೆಯಲ್ಲಿ ನೋಡುತ್ತಿದ್ದವನು ಅವನೊಬ್ಬನೇ. ಬಾಟ್ಲಿ ಯಾವಾಗಲೋ ಖಾಲಿಯಾಗಿತ್ತು. ಅದರ ಕೆಳಗಿನ ಪುಟ್ಟ ಕೊಳವೆಯಲ್ಲಿ ಹನಿ ಬೀಳುವುದು ನಿಂತಿತ್ತು. ಅಜ್ಜನ ಮುಂಗೈಯ ಸೂಜಿಯಿಂದ ಪೈಪಿನೊಳಗೆ ಕೆಂಪು ಗೆರೆ ಗೇಣುದ್ದ ಮೇಲಕ್ಕೆ ಏರಿತ್ತು. ಸಿಸ್ಟರ್ ಓಡಿಬಂದು ಪೈಪಿನ ಚಕ್ರ ತಿರುಗಿಸಿ ಮುಚ್ಚಿ, ಎಲ್ಲ ಸರಿಮಾಡಿ, ಹೊಸ ಬಾಟ್ಲಿ ತೂಗುಹಾಕಿದರು. “ಸರ್, ನಿಮ್ಮ ಒಂದು ಪ್ರಾರ್ಥನೆಗೆ ಅರ್ಧ ಲೀಟರ್ ಹೋಯ್ತು” ಅಂದರು. ಆಮೆನ್ ಹೇಳಲು ನಾನು ಬಾಯಿ ತೆರೆದೆ. ಅಜ್ಜ ಬೇಡವೆಂದು ಇನ್ನೊಂದು ಕೈ ಆಡಿಸಿದರು. ಈಗ ನಮ್ಮ ಸಭೆಯ ಯುವಜನರಲ್ಲಿ ಅದೊಂದು ಅಳತೆಯಾಗಿಬಿಟ್ಟಿದೆ. ಯಾರಾದರೂ ಪ್ರಾರ್ಥಿಸಲು ಎದ್ದರೆ, “ಕಾಲು ಬಾಟ್ಲಿ ಸಾಕು ಅಂಕಲ್” ಎಂದು ಪಿಸುಗುಡುತ್ತಾರೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ರಜೆಗೆ ಬಂದಿದ್ದ. ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. “ಅಂಕಲ್, ನಿಮ್ಮ ವಾಲ್ಯೂಮ್ ಸರಿ ಉಂಟು, ಕಂಟೆಂಟ್ ಸರಿ ಇಲ್ಲ” ಅಂದ. ಅವನು ಹೋಗುವ ದೊಡ್ಡ ಕೂಟದಲ್ಲಿ ರೋಗದ ಹೆಸರನ್ನೇ ಎತ್ತುವುದಿಲ್ಲವಂತೆ. ಬಾಯಲ್ಲಿ ಹೇಳಿದ್ದು ಆಗುತ್ತದೆ. ಆದ್ದರಿಂದ ನೋವು ಎನ್ನಬಾರದು, ಗುಣವಾಗಿದ್ದೇನೆ ಎಂದು ಅರಿಕೆ ಮಾಡಬೇಕು. ಕೆನೆತ್ ಹೇಗಿನ್ ಮುಂತಾದ ಅಮೆರಿಕದ ಬೋಧಕರು ಕಳೆದ ಶತಮಾನದಲ್ಲಿ ಮಾರ್ಕನ ಸುವಾರ್ತೆಯ 11ನೇ ಅಧ್ಯಾಯ ಹಿಡಿದು ಹಬ್ಬಿಸಿದ ಬೋಧನೆ ಇದು. ಈಗ ಟೀವಿ ಹಾಕಿದರೆ ಹಗಲೂ ರಾತ್ರಿ ಬರುತ್ತದೆ. ನನ್ನ ಹೆಂಡತಿ ಬೀನ್ಸ್ ಮುರಿಯುತ್ತಾ ಎಲ್ಲ ಕೇಳಿಸಿಕೊಂಡಳು. “ಇದಕ್ಕೆ ಅಮೆರಿಕ ಯಾಕಪ್ಪಾ? ನಮ್ಮಜ್ಜಿ ‘ಬಿಡ್ತು ಅನ್ನು’ ಅಂತಿದ್ರಲ್ಲ, ಅದೇ ತಾನೇ?” ಅಂದಳು. ಅವರದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಆದರೂ ಅಟ್ಟದ ಮೇಲೆ ಅಸ್ತು ದೇವತೆಗಳು ಕಿವಿಗೊಟ್ಟು ಕೂತಿರುತ್ತಾರೆ ಎಂಬ ಹೆದರಿಕೆ ಅಜ್ಜಿಗೆ ಕೊನೆಯವರೆಗೂ ಹೋಗಿರಲಿಲ್ಲವಂತೆ.

ನನ್ನ ಭಾವನಿಗೆ ಅದೇ ವಾರ ಕಿಡ್ನಿಯಲ್ಲಿ ಕಲ್ಲು. ಸಂಬಂಧದವರ ಮೇಲೆ ಪ್ರಯೋಗ ಮಾಡಿದರೆ ಸಭೆಗೆ ದೂರು ಹೋಗುವುದಿಲ್ಲ. ಮಂಚದ ಪಕ್ಕ ಕೂತು ಪಾಠ ಹೇಳಿಕೊಟ್ಟೆ. ಭಾವ ಮೊದಲಿನಿಂದಲೂ ವಿಧೇಯ, ಅಕ್ಕನನ್ನು ಮದುವೆಯಾಗಿ ಅಭ್ಯಾಸವಾಗಿದೆ. ರೌಂಡ್ಸಿಗೆ ಬಂದ ಡಾಕ್ಟರು, “ನೋವು ಹೇಗುಂಟು?” ಎಂದು ಕೇಳಿದರು. ಭಾವನ ಹಣೆಯಲ್ಲಿ ಬೆವರು, ಎರಡು ಕೈಯಲ್ಲೂ ಬೆಡ್‌ಶೀಟಿನ ಅಂಚು. “ನೋವಿಲ್ಲ ಡಾಕ್ಟ್ರೇ. ನಾನು ಗುಣವಾಗಿದ್ದೇನೆ” ಅಂದರು. “ಗುಡ್” ಎಂದ ಡಾಕ್ಟರು ನೋವಿನ ಇಂಜೆಕ್ಷನ್ ನಿಲ್ಲಿಸುವಂತೆ ಚೀಟಿಯಲ್ಲಿ ಬರೆದು ಹೋದರು. ಮಧ್ಯಾಹ್ನ ಇನ್ಶೂರೆನ್ಸಿನಿಂದ ಫೋನು. “ಸರ್, ನಿಮಗೆ ಏನು ತೊಂದರೆಯಿಂದ ಅಡ್ಮಿಟ್ ಆಗಿದ್ದೀರಿ?” ಭಾವ ನನ್ನ ಮುಖ ನೋಡಿದರು. ನಾನು ಹೆಬ್ಬೆರಳು ಎತ್ತಿ ಹುರಿದುಂಬಿಸಿದೆ. “ನನಗೆ ಯಾವ ತೊಂದರೆಯೂ ಇಲ್ಲ. ಸಂಪೂರ್ಣ ಸ್ವಸ್ಥನಾಗಿದ್ದೇನೆ” ಎಂದು ಗಟ್ಟಿಯಾಗಿ ಅರಿಕೆ ಮಾಡಿದರು. ಆ ಕಡೆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಡ್ಮಿಟ್ ಯಾಕೆ ಸರ್?” ಎಂದಳು. ಅದಕ್ಕೆ ಉತ್ತರ ನನ್ನ ಪಾಠದಲ್ಲಿರಲಿಲ್ಲ. ಕ್ಯಾಶ್‌ಲೆಸ್ಸು ತಡೆಹಿಡಿದರು.

ರಾತ್ರಿ ಕಲ್ಲು ಅಲುಗಾಡಿತು. ಆ ಹೊತ್ತಿನಲ್ಲಿ ಭಾವನ ಬಾಯಿಂದ ಹೊರಟ ಮಾತುಗಳಲ್ಲಿ ಸಂಶಯದ ಲವಲೇಶವೂ ಇರಲಿಲ್ಲವಂತೆ. ಎಲ್ಲ ನನ್ನ ಬಗ್ಗೆ. ಇಡೀ ಮಹಡಿ ಎದ್ದು ಕೂತಿತು. ಡ್ಯೂಟಿ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅಕ್ಕ ಆಸ್ಪತ್ರೆಯಿಂದಲೇ ನನಗೆ ಫೋನು ಮಾಡಿದಳು. ಅಕ್ಕನ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಕೂತು ಯೋಚಿಸಿದರೆ, ಆ ಹುಡುಗನ ಬೋಧನೆಯಂತೆ ನಡೆದಿದ್ದರೆ ಕೀರ್ತನೆಗಳ ಪುಸ್ತಕ ಅರ್ಧ ತೆಳ್ಳಗಾಗುತ್ತಿತ್ತು. ದಾವೀದ ಎಲುಬು ನೋಯುತ್ತದೆ ಎಂದು ಗೋಳಾಡುತ್ತಾನೆ, ಹಾಸಿಗೆ ಕಣ್ಣೀರಿನಿಂದ ನೆನೆಯಿತು ಎಂದು ದೂರುತ್ತಾನೆ, ದೇವರು ಎಲ್ಲಿ ಹೋದನೆಂದು ಜಗಳಕ್ಕೇ ನಿಲ್ಲುತ್ತಾನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಗೋಳನ್ನೇ. ನಮ್ಮ ಮಿಶನ್ನಿನವರೂ ನೋವಿಲ್ಲ ಅನ್ನಿ ಎಂದು ಹೇಳಿಕೊಡುತ್ತಾ ಕೂರಲಿಲ್ಲ, 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದು, ಎಲ್ಲಿ ನೋಯುತ್ತದೆ ಎಂದು ಕೇಳುವುದರಿಂದಲೇ ಚಿಕಿತ್ಸೆ ಶುರುಮಾಡಿದರು. ಇದನ್ನೆಲ್ಲ ಭಾವನಿಗೆ ವಿವರಿಸಲು ಹೋದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು.

ವಿಷಯ ಅಯ್ಯನವರ ಕಿವಿಗೂ ಬಿತ್ತು. ಅವರು ಬಯ್ಯಲಿಲ್ಲ. “ಯೋಬನ ಪುಸ್ತಕ ಓದಿ” ಅಂದರು. ಓದಿದೆ. ಯೋಬ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತಿದ್ದಾಗ ಮೂವರು ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂತರು. ಅಷ್ಟರವರೆಗೆ ಸರಿಯಿತ್ತು. ಎಂಟನೆಯ ದಿನ ಬಾಯಿ ತೆರೆದರು ನೋಡಿ, ಅಲ್ಲಿಂದ ಮುಂದೆ ಪುಸ್ತಕವೆಲ್ಲ ರಾಮಾಯಣ. ಎರಡನೆಯ ಅಧ್ಯಾಯದ ಕೊನೆಗೆ ಪುಸ್ತಕ ಮುಚ್ಚಿದೆ. ನನಗೆ ಬೇಕಾದ್ದು ಸಿಕ್ಕಿತ್ತು. ಇನ್ನು ಮೌನ. ದೇವಾಲಯದಲ್ಲಿ ದೂತನ ಮಾತು ನಂಬದೆ ಮೂಕನಾದ ಜೆಕರೀಯನೂ ನೆನಪಾದ. ಯೋಹಾನ ಹುಟ್ಟುವವರೆಗೂ ಅವನಿಗೆ ಮಾತಿಲ್ಲ. ಆ ತಿಂಗಳುಗಳ ಬಗ್ಗೆ ಎಲಿಸಬೇತಳ ಅಭಿಪ್ರಾಯವೇನೆಂದು ಲೂಕ ಬರೆದಿಲ್ಲ. ನನ್ನ ಹೆಂಡತಿಗೆ ಊಹೆಯುಂಟು.

ಮೌನದ ಪ್ರಯೋಗ ನಡೆದದ್ದು ನಮ್ಮ ಟೀಚರ ಮೇಲೆ. ಮಿಶನ್ ಶಾಲೆಯಲ್ಲಿ ಅರ್ಧ ಸಭೆಗೆ ಅಕ್ಷರ ಕಲಿಸಿದವರು, ಸಂಡೇಸ್ಕೂಲಿನಲ್ಲಿ ಉಳಿದರ್ಧಕ್ಕೆ ಕಿವಿ ಹಿಂಡಿದವರು. ವಯಸ್ಸು ಎಂಬತ್ತು ದಾಟಿದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಶನ್ ಆಗಿತ್ತು. ಡಾಕ್ಟರು ನಡೆಯಿರಿ ಎಂದರೂ ಏಳುವುದಿಲ್ಲ, ಗಂಜಿ ಮುಟ್ಟುವುದಿಲ್ಲ, ಗೋಡೆಗೆ ಮುಖ ಹಾಕಿ ಮಲಗಿದ್ದಾರೆ ಎಂದು ಸುದ್ದಿ. ವಾರ್ಡಿನಲ್ಲಿ ಮೂರು ಮಂಚ. ಪಕ್ಕದ್ದರಲ್ಲಿ ಉಳ್ಳಾಲದ ಒಬ್ಬ ಬ್ಯಾರಿ ಉಮ್ಮ, ಕಿಟಕಿ ಬದಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದ ಇನ್ನೊಬ್ಬ ಅಮ್ಮ. ಈ ಸಲ ಹೆಂಡತಿ ನನ್ನೊಟ್ಟಿಗೇ ಬಂದಳು, ಕಾವಲಿಗೆ.

ಸ್ಟೂಲಿನ ಮೇಲೆ ಕೂತೆ. ಫ್ಯಾನು ತಿರುಗುತ್ತಿತ್ತು. ಟೀಚರು ಕತ್ತು ಹೊರಳಿಸಿ, “ಯಾರು? ನೀನಾ?” ಅಂದರು. ತಲೆಯಾಡಿಸಿದೆ.

“ಏನು ಮಾತಿಲ್ಲ?”

ಮೃದುವಾಗಿ ನಕ್ಕೆ. ಕಣ್ಣಿನಲ್ಲಿ ಕರುಣೆ ತುಂಬಿಕೊಂಡಿದ್ದೆ; ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದು.

ಟೀಚರ ಮುಖ ಬಿಳುಚಿತು. “ನೀನು ಸುಮ್ಮನಿರುವ ಜಾತಿಯವನಲ್ಲ. ಡಾಕ್ಟ್ರು ಏನು ಹೇಳಿದ್ರು? ಹೇಳು, ನಾನು ಹೆದರುವುದಿಲ್ಲ. ಇವತ್ತಾ, ನಾಳೆಯಾ?”

ಇಂಥ ಪ್ರಶ್ನೆಗೆ ತಲೆಯಾಡಿಸಬಾರದು ಎಂದು ಯೋಬನ ಪುಸ್ತಕದಲ್ಲಿ ಬರೆದಿಲ್ಲ. ಆಡಿಸಿದೆ. ಪಕ್ಕದ ಮಂಚದ ಉಮ್ಮ ಎದೆ ಮೇಲೆ ಕೈಯಿಟ್ಟುಕೊಂಡು, “ಯಾ ಅಲ್ಲಾ” ಅಂದರು. ಹೆಂಡತಿ ನನ್ನ ಕಾಲು ತುಳಿದಳು.

“ಹಾಗಾದ್ರೆ ಪ್ರಾರ್ಥನೆ ಮಾಡು” ಅಂದರು ಟೀಚರು. ನಾನು ವ್ರತ ಬಿಡಲಿಲ್ಲ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಸ್ವರದಲ್ಲಿ ಹಳೆಯ ಬೆತ್ತ ಕಾಣಿಸಿಕೊಂಡಿತು. “ಬರುವುದಿಲ್ಲವಾ? ಸಂಡೇಸ್ಕೂಲಿನಲ್ಲೂ ನಿನಗೆ ಬಾಯಿಪಾಠ ಬರುತ್ತಿರಲಿಲ್ಲ. ಇರಲಿ, ನಾನೇ ಮಾಡ್ತೇನೆ. ಕಣ್ಣು ಮುಚ್ಚು. ಕೈ ಜೋಡಿಸು. ಸರಿಯಾಗಿ ಕೂತುಕೋ.”

ಟೀಚರಿಗೆ ಕಿವಿ ಮಂದ. ದೇವರಿಗೂ ಮಂದ ಎಂದುಕೊಂಡು ಪ್ರಾರ್ಥಿಸುತ್ತಾರೆ. ಕಾರಿಡಾರಿನ ಕೊನೆಯ ಲಿಫ್ಟಿನವನಿಗೂ ಕೇಳಿತು.

“ಪರಲೋಕದ ತಂದೆಯೇ, ನಿನ್ನ ಈ ಮಗನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಇವನು ಕೆಟ್ಟವನಲ್ಲ, ನೀನೂ ಬಲ್ಲೆ, ನಾನೂ ಬಲ್ಲೆ. ಆದರೆ ಇವನ ತಲೆಯಿಂದ ಬಾಯಿಗೆ ಹೋಗುವ ದಾರಿಯನ್ನು ನೀನು ಯಾಕೋ ಅರ್ಧಕ್ಕೇ ಬಿಟ್ಟೆ. ಐದನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡಿಗೆ ಇವನು ಅಪ್ಪನ ಸಹಿ ತಾನೇ ಹಾಕಿದ್ದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿಲ್ಲ ಕರ್ತನೇ, ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಕಳೆದ ಬೆಳೆ ಹಬ್ಬದ ಏಲಂನಲ್ಲಿ ಇವನು ಒಂದು ಚೀನಿಕಾಯಿಯನ್ನು ಸಾವಿರದ ಇನ್ನೂರಕ್ಕೆ ಕೂಗಿ ಎಲ್ಲರ ಹತ್ತಿರ ಚಪ್ಪಾಳೆ ತೆಗೆದುಕೊಂಡ. ಚೀನಿಕಾಯಿ ತಿಂದಾಯಿತು. ಹಣ ಇನ್ನೂ ನಿನ್ನ ಪೆಟ್ಟಿಗೆಗೆ ಬಿದ್ದಿಲ್ಲ. ಇವನಿಗೆ ಬಿಪಿ ಉಂಟು ಸ್ವಾಮೀ. ಮಾತ್ರೆ ಬರೆದುಕೊಟ್ಟು ಆರು ತಿಂಗಳಾಯಿತು, ತೆಗೆದುಕೊಳ್ಳುವುದಿಲ್ಲ, ಹೆಂಡತಿಗೆ ಹೇಳಿಲ್ಲ. ಮೆಡಿಕಲ್ ಶಾಪಿನ ಹುಡುಗ ನನ್ನ ಸ್ಟೂಡೆಂಟೇ. ಆ ಹೆಣ್ಣುಮಗಳಿಗೆ ನೀನೇ ಹೇಗಾದರೂ ತಿಳಿಸು…”

ಆ ಹೆಣ್ಣುಮಗಳು ಕಣ್ಣು ತೆರೆದು ನನ್ನನ್ನು ನೋಡಿದಳು. ನನಗೆ ಹೇಗೆ ಗೊತ್ತು ಎಂದರೆ ನನ್ನದೂ ತೆರೆದಿತ್ತು.

ಪ್ರಾರ್ಥನೆ ಇನ್ನೂ ಬಹಳ ದೂರ ಹೋಯಿತು. ನನ್ನ ತೀರಿಹೋದ ಅಮ್ಮನನ್ನು ಹೆಸರು ಹಿಡಿದು ನೆನೆದರು. ಅಮ್ಮನ ನಂತರ ನನಗೋಸ್ಕರ ದೇವರ ಹತ್ತಿರ ಹೋಗುವವರು ಯಾರೂ ಇಲ್ಲವೆಂದು ದೂರಿದರು. ಅಲ್ಲಿ ನನ್ನ ಗಂಟಲು ಕೂಡ ಸ್ವಲ್ಪ ಕಟ್ಟಿತು ಎನ್ನಬೇಕು. ಕೊನೆಗೆ ಆಮೆನ್ ಎಂದಾಗ ಪಕ್ಕದ ಮಂಚದಿಂದ “ಆಮೀನ್” ಬಂತು, ಕಿಟಕಿ ಬದಿಯಿಂದ “ನಾರಾಯಣ” ಎಂದು ಕೇಳಿಸಿತು. ಬಾಗಿಲಲ್ಲಿ ಆಯಾ ಕಸಬರಿಕೆ ಹಿಡಿದು ನಿಂತಿದ್ದಳು.

“ಬಿಪಿ?” ಅಂದಳು ಹೆಂಡತಿ.

ಟೀಚರು ಮಾತ್ರ ದಿಂಬಿಗೊರಗಿ ಕೂತುಬಿಟ್ಟಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು. “ಗಂಜಿ ಎಲ್ಲಿ? ಉಪ್ಪಿನಕಾಯಿ ಉಂಟಾ?” ಎಂದು ಕೇಳಿದರು. ಉಂಡಾದ ಮೇಲೆ ಉಮ್ಮ ಮೆಲ್ಲಗೆ, “ಟೀಚರೇ, ನನ್ನ ಮಗನಿಗೂ ಹೀಗೇ ಒಂದು ಮಾಡಿ. ಅವ ಗಲ್ಫಿನಿಂದ ಫೋನೇ ಮಾಡುವುದಿಲ್ಲ” ಅಂದರು. ಕಿಟಕಿ ಬದಿಯ ಅಮ್ಮನಿಗೂ ಹೇಳಲಿಕ್ಕಿತ್ತು, ಆದರೆ ಅವರ ಸ್ವರ ಸಣ್ಣದು, ಟೀಚರಿಗೆ ಕೇಳಿಸದು. “ಏನು? ಏನು ಹೇಳಿದ್ದು?” ಎಂದು ಕೈಯನ್ನು ಕಿವಿಗೆ ಹಿಡಿದು ಸಾಕಾಗಿ, ಮರುದಿನ ಬೆಳಿಗ್ಗೆ ಟೀಚರು ತಾವೇ ಬೆಲ್ಲು ಒತ್ತಿ ವಾಕರ್ ತರಿಸಿಕೊಂಡರಂತೆ. ಕಿಟಕಿಯವರೆಗೆ ಹನ್ನೆರಡು ಹೆಜ್ಜೆ. ಅಲ್ಲಿ ಕೂತು ಆ ಅಮ್ಮನ ಸೊಸೆಯ ವಿಷಯ ಪೂರ್ತಿ ಕೇಳಿ, ಅಲ್ಲಿಂದ ಪಕ್ಕದ ವಾರ್ಡಿಗೆ ಹೋದರಂತೆ.

ನನ್ನ ಮೌನದಿಂದಾದ ಅದ್ಭುತ ಎಂದು ಅಯ್ಯನವರ ಹತ್ತಿರ ವರದಿ ಒಪ್ಪಿಸಿದೆ. ಅವರು ಕನ್ನಡಕ ಮೇಲೆ ಮಾಡಿ, “ಯೋಬನ ಪುಸ್ತಕಕ್ಕೆ 42 ಅಧ್ಯಾಯ ಉಂಟು. ಎಷ್ಟು ಓದಿದ್ದೀರಿ?” ಎಂದು ಕೇಳಿದರು. ಕೊನೆಯ ಅಧ್ಯಾಯವನ್ನು ತಾವೇ ತೆಗೆದು ತೋರಿಸಿದರು. ಯೋಬನ ದುರವಸ್ಥೆ ನೀಗಿದ್ದು ಸ್ನೇಹಿತರು ಅವನಿಗಾಗಿ ಪ್ರಾರ್ಥಿಸಿದಾಗ ಅಲ್ಲ. ಹುಣ್ಣಿನ ಮೈಯಲ್ಲಿ ಅವನೇ ಆ ದಡ್ಡ ಸ್ನೇಹಿತರಿಗಾಗಿ ಪ್ರಾರ್ಥಿಸಿದಾಗ. ‘ದಡ್ಡ’ ಎಂದು ಸೇರಿಸಿದ್ದು ಅಯ್ಯನವರೇ.

ಈಗ ಸಮಿತಿಯಲ್ಲಿ ನನ್ನ ಕೆಲಸ ಬದಲಾಗಿದೆ. ನಾನು ಹೋಗುವುದು ಪ್ರಾರ್ಥನೆ ಮಾಡಲಿಕ್ಕಲ್ಲ, ಮಾಡಿಸಿಕೊಳ್ಳಲಿಕ್ಕೆ. ಮಂಚದ ಪಕ್ಕ ಕೂತು ನನ್ನ ಕಷ್ಟ ಹೇಳಿಕೊಳ್ಳುತ್ತೇನೆ; ರೋಗಿ ಉತ್ಸಾಹದಿಂದ ಎದ್ದು ಕೂರುತ್ತಾರೆ. ಟೈಫಾಯ್ಡಿನ ಅಜ್ಜ ನನಗೆ ಸಂಕ್ಷಿಪ್ತತೆಯ ವರ ಬೇಡಿದರು, ನಾಲ್ಕೇ ಮಾತಿನಲ್ಲಿ. ಬ್ಯಾಂಕ್ ಮ್ಯಾನೇಜರು ಕೂಡ ಕಣ್ಣಿನ ಪೊರೆಯ ಆಪರೇಶನ್ನಿಗೆ ಸೇರಿದಾಗ ನನ್ನನ್ನು ಕರೆಸಿ, ನನ್ನ ಮನೆಸಾಲದ ಬಡ್ಡಿಗಾಗಿ ದರದ ಸಮೇತ ಪ್ರಾರ್ಥಿಸಿದರು. ಭಾವನದು ಇನ್ನೂ ಬಾಕಿ. ಅವರು ಬಾಯಿ ತೆರೆಯುವುದು ಪ್ರಾರ್ಥನೆಗೇ ಎಂಬ ನಂಬಿಕೆ ನನಗೆ ಬಂದಿಲ್ಲ.

ತೊಂದರೆಯೆಂದರೆ ಕಷ್ಟಗಳ ದಾಸ್ತಾನು ಮುಗಿಯುತ್ತಾ ಬಂದಿದೆ. ಚೀನಿಕಾಯಿಯ ಹಣ ಕಟ್ಟಿಬಿಟ್ಟೆ, ಅದು ದುಡುಕಾಯಿತು. ಬಿಪಿ ಮಾತ್ರೆಯನ್ನು ಹೆಂಡತಿ ಬೆಳಿಗ್ಗೆ ಎದುರು ನಿಂತು ನುಂಗಿಸುವುದರಿಂದ ಅದೂ ಕೈಬಿಟ್ಟಿತು. ನಿನ್ನೆ ಸಂಜೆ ಸೆಕ್ರೆಟರಿಯವರ ಫೋನು: ಪಿತ್ತಕೋಶದ ಆಪರೇಶನ್ ಆದ ಒಬ್ಬರು ಬಹಳ ಬೇಸರದಲ್ಲಿದ್ದಾರೆ, ಬೇಗ ಹೋಗಬೇಕು. “ಸ್ವಲ್ಪ ದೊಡ್ಡದೇನಾದ್ರೂ ತಕ್ಕೊಂಡು ಹೋಗಿ ಆಯ್ತಾ. ಹೋದ ಸಲ ನೀವು ಹೇಳಿದ ಹಲ್ಲುನೋವು ಅವರಿಗೆ ಏನೇನೂ ಸಾಕಾಗ್ಲಿಲ್ಲವಂತೆ.”

ಡೈರಿ ತಿರುವುತ್ತಾ ಕೂತಿದ್ದೆ. ಅಡುಗೆಮನೆಯಿಂದ ಹೆಂಡತಿ, “ಗೊರಕೆ ಇನ್ನೂ ಯಾರಿಗೂ ಕೊಟ್ಟಿಲ್ಲ ನೋಡಿ” ಅಂದಳು.